ನಂಬರ್ ನಿಮ್ಮದು, ಬ್ಯಾಲೆನ್ಸ್ ನಮ್ಮದು

2024ರ ಜುಲೈ ನೆನಪಿದೆ ಅಲ್ವಾ? 3ನೇ ತಾರೀಕು ಜಿಯೊ, ಏರ್‌ಟೆಲ್ ರೇಟು ಏರಿಸಿದವು. 4ಕ್ಕೆ ವೊಡಾಫೋನ್ ಐಡಿಯಾ. ಪೈಪೋಟಿಯಲ್ಲೂ ಎಂಥ ಒಗ್ಗಟ್ಟು ನೋಡಿ! ಸಿಟ್ಟಾದವರೆಲ್ಲ ‘ಬಿಎಸ್ಸೆನ್ನೆಲ್‌ಗೆ ಹೋಗ್ತೀನಿ’ ಎಂದು ಸ್ಟೇಟಸ್ ಹಾಕಿದರು. ಕೆಲವರು ನಿಜಕ್ಕೂ ಹೋದರು.

ಹೋಗುವ ಹಕ್ಕು ನಮಗಿದೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ವ್ಯವಸ್ಥೆ, ಅಂದರೆ ಪೋರ್ಟಿಂಗ್, 2011ರ ಜನವರಿ 20ರಿಂದ ದೇಶದ ತುಂಬ ಇದೆ. 1900ಕ್ಕೆ ಒಂದು ಎಸ್ಸೆಮ್ಮೆಸ್, ಎಂಟಕ್ಷರದ ಕೋಡ್, ಅಂಗಡಿಯಲ್ಲಿ ಆಧಾರ್. ಮೂರು ಕೆಲಸದ ದಿನದಲ್ಲಿ ನಿಮ್ಮ ಹತ್ತಂಕಿ ಹೊಸ ಮನೆ ಸೇರುತ್ತದೆ. ಅದರೊಳಗಿದ್ದ ದುಡ್ಡು ಮಾತ್ರ ಬರುವುದಿಲ್ಲ. 84 ದಿನದ ಪ್ಯಾಕ್ ಹಾಕಿಸಿ ಹತ್ತನೇ ದಿನ ಹೊರಟರೆ ಉಳಿದ 74 ದಿನ ಗೋವಿಂದ. ನಿಯಮವೇ ಹಾಗಿದೆ, ಯಾರೂ ಮುಚ್ಚಿಟ್ಟಿಲ್ಲ.

ಬೆಂಗಳೂರಿನ ಮನೆ ಓನರ್‌ಗಳನ್ನು ನಾವು ಸುಮ್ನೆ ಬೈಯುತ್ತೇವೆ. ಪಾಪ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಮುರಿದ ನಲ್ಲಿಗೊಂದಿಷ್ಟು ಹಿಡಿದುಕೊಂಡು, ಗೋಡೆಗೆ ಹೊಡೆದ ಮೊಳೆಗಳನ್ನು ಎಣಿಸಿಯಾದ ಮೇಲಾದರೂ ಉಳಿದ ಅಡ್ವಾನ್ಸ್ ವಾಪಸ್ ಕೊಡುತ್ತಾರೆ.

ಉಳಿದ ದಿನಗಳ ದುಡ್ಡು ವಾಪಸ್ ಕೊಡುವ ಲೆಕ್ಕ ಕಷ್ಟವೇ? ‘ನಿಮ್ಮ ಇವತ್ತಿನ ಡೇಟಾ ಅರ್ಧ ಮುಗಿದಿದೆ’ ಎಂದು ಊಟದ ಹೊತ್ತಿಗೆ ಸರಿಯಾಗಿ ಮೆಸೇಜ್ ಕಳಿಸುವವರಿಗೆ? ಒಂದು ಕಂಪನಿಯ ಕಾಲ್ ಇನ್ನೊಂದಕ್ಕೆ ಹೋದರೆ ನಿಮಿಷಕ್ಕೆ 6 ಪೈಸೆಯಂತೆ 2020ರ ಕೊನೆಯವರೆಗೂ ತಮ್ಮತಮ್ಮಲ್ಲೇ ಚುಕ್ತಾ ಮಾಡಿಕೊಂಡವರು ಇವರೇ. ಆರು ಪೈಸೆ ದಾಟುತ್ತಿತ್ತು. ಪ್ಯಾಕ್‌ನಲ್ಲಿ ಉಳಿದ ನಮ್ಮ ಇನ್ನೂರು ರೂಪಾಯಿ ದಾಟುವುದಿಲ್ಲ. ಅದೇ ಪೋಸ್ಟ್‌ಪೇಯ್ಡ್‌ನವರು ಕಟ್ಟಬೇಕಾದ ಬಿಲ್ ಉಳಿಸಿಕೊಂಡರೆ ಪೋರ್ಟ್ ಆಗುವುದೇ ಇಲ್ಲ. ನಾವು ಬಾಕಿ ಇಟ್ಟರೆ ಗೇಟ್ ಬಂದ್. ಅವರು ಇಟ್ಟುಕೊಂಡರೆ ಶುಭ ಪ್ರಯಾಣ.

ಇಷ್ಟಾದರೂ ಕೋಡ್ ತರಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅಲ್ಲಿಯವರೆಗೆ ‘ಒಂದು ಒತ್ತಿ, ಎರಡು ಒತ್ತಿ’ ಎನ್ನುತ್ತಿದ್ದ ಕಂಪನಿಯಿಂದ ಆಗ ನಿಜವಾದ ಮನುಷ್ಯರು ಫೋನ್ ಮಾಡುತ್ತಾರೆ.

‘ಸರ್, ನಮ್ಮನ್ನ ಯಾಕೆ ಬಿಟ್ಟು ಹೋಗ್ತಿದ್ದೀರಾ? ನಿಮಗೊಂದು ಸ್ಪೆಷಲ್ ಪ್ಯಾಕ್ ಇದೆ.’

‘ಆ್ಯಪ್‌ನಲ್ಲಿ ಅದು ಕಾಣ್ತಿಲ್ವಲ್ಲಮ್ಮ?’

‘ನಿಮಗೆ ಮಾತ್ರ ಸರ್.’

ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ಯಾರೂ ನನ್ನನ್ನು ಇಷ್ಟು ಅಕ್ಕರೆಯಿಂದ ತಡೆದಿಲ್ಲ. ಬಾಯಿ ಮುಚ್ಚಿಕೊಂಡು ಇದ್ದವನಿಗೆ ಪೂರಾ ರೇಟು, ಹೊರಟು ನಿಂತವನಿಗೆ ಡಿಸ್ಕೌಂಟು. ಎರಡು ಸಿಮ್ ಇದ್ದು ನಾಲ್ಕು ಆ್ಯಪ್ ಬಲ್ಲವರಿಗೆ ಇದೊಂದು ಆಟ. ಆಡಿ, ಬೇಡ ಎನ್ನುವುದಿಲ್ಲ.

ಎಲ್ಲರೂ ಆಡುವ ಸ್ಥಿತಿಯಲ್ಲಿಲ್ಲ. ಕಡಿಮೆ ರೇಟಿನ ಕೆಲವು ಪ್ಯಾಕ್‌ಗಳಲ್ಲಿ ಎಸ್ಸೆಮ್ಮೆಸ್ಸೇ ಇರುತ್ತಿರಲಿಲ್ಲ. ಅಂದರೆ ಪೋರ್ಟ್ ಮಾಡಬೇಕಾದರೂ ಮೊದಲು ದೊಡ್ಡ ರೀಚಾರ್ಜ್ ಮಾಡಿಸಬೇಕಿತ್ತು. 1900ಕ್ಕೆ ಎಸ್ಸೆಮ್ಮೆಸ್ ಕಳಿಸಲು ಎಲ್ಲರಿಗೂ ಬಿಡಿ ಎಂದು 2021ರ ಡಿಸೆಂಬರ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಆದೇಶ ಹೊರಡಿಸಬೇಕಾಯಿತು. ಇದು ಆದೇಶ ಮಾಡಿ ಹೇಳಿಸಿಕೊಳ್ಳುವ ಮಾತೇ? ಬಡವರ ಹತ್ತಿರ ಇಂಥ ಚಿಲ್ಲರೆ ಬುದ್ಧಿ ತೋರಿಸಲು ನಾಚಿಕೆಯಾಗುವುದಿಲ್ಲವೇ?

ಮಲೆನಾಡಿನ ಒಂಟಿ ಮನೆಯ ಅಜ್ಜಿಗೆ ಬೇಕಿರುವುದು ಮಗನ ಫೋನು, ಬ್ಯಾಂಕಿನ ಒಟಿಪಿ, ಅಷ್ಟೇ. ಡೇಟಾ ಇಲ್ಲದ ಪ್ಯಾಕ್ ಕೊಡಿ ಎಂದು 2024ರ ಕೊನೆಗೆ ಟ್ರಾಯ್ ಹೇಳಿತು. ಜಿಯೊ, ಏರ್‌ಟೆಲ್ 84 ಮತ್ತು 365 ದಿನದ ಪ್ಯಾಕ್ ತಂದವು. ಪ್ಯಾಕ್ ಉದ್ದವಾದಷ್ಟೂ ಬಿಟ್ಟು ಹೋಗಬೇಕಾದ ದುಡ್ಡು ಜಾಸ್ತಿ. ವರ್ಷದ್ದು ಒಟ್ಟಿಗೇ ಕಟ್ಟಿದ ಮೇಲೆ ಮಳೆಗಾಲದಲ್ಲಿ ಸಿಗ್ನಲ್ ಹೋದರೆ ಅಜ್ಜಿ ಬೇರೆ ಕಂಪನಿಗೆ ಹೋಗಬಹುದು, ಧಾರಾಳವಾಗಿ. ಇನ್ನೊಂದು ಸಲ ದುಡ್ಡು ಕಟ್ಟಿ.