ನಾವ್ಯಾಕೆ ತಮ್ಮ?

ಸೋದರಮಾವನ ವೈಕುಂಠ ಸಮಾರಾಧನೆಯ ಕಾರ್ಡಿನ ಪ್ರೂಫ್ ನೋಡಲು ಡಿಟಿಪಿ ಅಂಗಡಿಗೆ ಹೋಗಿದ್ದೆ. ಪರದೆಯ ಮೇಲೆ ಮಾವನ ಹೆಸರು ಆಗಷ್ಟೇ ಎಣ್ಣೆಯಿಂದ ತೆಗೆದ ಬೋಂಡಾದ ಹಾಗೆ ಉಬ್ಬಿಕೊಂಡು ಕೂತಿತ್ತು. ಮಾವ ಜೀವಮಾನದಲ್ಲಿ ಐವತ್ತು ಕೆಜಿ ದಾಟಿದವರಲ್ಲ. ‘ಸಮಾರಾಧನೆ’ಯ ಧ ಹೊಟ್ಟೆ ಸೀಳಿಸಿಕೊಂಡೂ ನಗುತ್ತಿತ್ತು.

“ಯಾವ ಫಾಂಟಪ್ಪಾ ಇದು?”

“ಬಾಲೂ ತಮ್ಮ ಸಾರ್. ನಾಮಕರಣ, ಐಸ್‌ಕ್ರೀಮ್ ಅಂಗಡಿ, ಪ್ಲೇಹೋಮು, ಎಲ್ಲದಕ್ಕೂ ಇದನ್ನೇ ಕೇಳ್ತಾರೆ.”

ತಿಥಿಗೂ ಕೇಳುತ್ತಾರಾ ಅಂತ ರೇಗಬೇಕಿತ್ತು. ಆದರೆ ನನಗೆ ಸಿಟ್ಟು ಬಂದದ್ದು ಆ ಹೆಸರಿನ ಮೇಲೆ.

ಮುಂಬೈನ ಏಕ್ ಟೈಪ್‌ನವರು ಮಾಡಿದ ಅಕ್ಷರ ಇದು. ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತದೆ. ಬಾಲೂ ಅಂತ ಕರಡಿಯ ಹೆಸರಿಟ್ಟು, ಒಂದೊಂದು ಲಿಪಿಗೂ ಒಂದೊಂದು ನೆಂಟಸ್ತಿಕೆ ಅಂಟಿಸಿದ್ದಾರೆ. ಗುರುಮುಖಿಗೆ ಪಾಜಿ. ಬಂಗಾಳಿಗೆ ದಾ. ಮಲಯಾಳಕ್ಕೆ ಚೇಟ್ಟನ್. ಇವರೆಲ್ಲ ಅಣ್ಣಂದಿರೇ. ಕನ್ನಡಕ್ಕೆ ಬಂದರೆ ತಮ್ಮ! ಹಲ್ಮಿಡಿ ಶಾಸನ 5ನೇ ಶತಮಾನದ್ದು ಸ್ವಾಮಿ. ಆಗ ಈ ಚೇಟ್ಟನ್ ತೊಟ್ಟಿಲಿಗೂ ಬಂದಿರಲಿಲ್ಲ. ತೆಲುಗಿನವರೂ ತಮ್ಮುಡು ಆಗಿದ್ದಾರೆ ಅನ್ನುವುದೊಂದು ಸಮಾಧಾನ. ತಮಿಳನ್ನೇ ತಂಬಿ ಮಾಡಿದವರು ನಮ್ಮನ್ನು ಬಿಟ್ಟಾರೆಯೇ?

ಹುಬ್ಬಳ್ಳಿ ಕಡೆ ಬಸ್ಸಿನಲ್ಲಿ ಕಂಡಕ್ಟರ್ “ತಮ್ಮಾ, ಒಳಗ ಹೋಗು” ಅಂದರೆ ನನಗೆ ಖುಷಿಯೇ ಆಗುತ್ತದೆ. ಐವತ್ತೆಂಟರ ಬೋಳುತಲೆಯನ್ನು ಇನ್ಯಾರು ತಮ್ಮ ಅನ್ನುತ್ತಾರೆ? ಆದರೆ ಅದು ಬೇರೆ ವಿಷಯ. ಅಲ್ಲಿ ಸೀಟು ಸಿಕ್ಕದಿದ್ದರೂ ಪ್ರೀತಿ ಸಿಗುತ್ತದೆ. ಇಲ್ಲಿ ಇಡೀ ಭಾಷೆಯ ಹಿರಿತನದ ಪ್ರಶ್ನೆ.

ಇಷ್ಟನ್ನೂ ಆ ಹುಡುಗನಿಗೆ ವಿವರಿಸಿದೆ. ಮೌಸ್ ಹಿಡಿದುಕೊಂಡೇ ಕೇಳಿಸಿಕೊಂಡ. ಹಿಂದೆ ಆಧಾರ್ ಜೆರಾಕ್ಸಿಗೆ ನಿಂತಿದ್ದವರು ಕೆಮ್ಮತೊಡಗಿದ್ದರು.

“ತಮ್ಮ ಬೇಡಾಂದ್ರೆ ತಮ್ಮ 2 ಇದೆ ಸಾರ್. ಅದ್ರಲ್ಲಿ ಐದು ವೇಯ್ಟ್ ಬರುತ್ತೆ, ಸ್ವಲ್ಪ ತೆಳ್ಳಗೂ ಮಾಡಬಹುದು.”

ಇನ್ನೊಬ್ಬ ತಮ್ಮ!

ಕೊನೆಗೆ ಹಳೇ ಪಠ್ಯಪುಸ್ತಕದ ಥರದ ಸಣಕಲು ಅಕ್ಷರ ಹಾಕಿಸಿ, ಒಂದು ಪ್ರಿಂಟ್ ತೆಗೆಸಿಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಕಾಗದವನ್ನು ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಕಿಟಕಿಯ ಬೆಳಕಿಗೆ ಒಡ್ಡಿದರು.

“ಇರುವೆ ಸಾಲು ಹಾಕಿಸ್ಕೊಂಡು ಬಂದಿದ್ದೀಯಲ್ಲೋ. ಹೆಸರೆಲ್ಲಿದೆ ಇದ್ರಲ್ಲಿ?”

ಹುಡುಗ ಮೊದಲು ಕಳಿಸಿದ್ದ ಫೋಟೋ ಮೊಬೈಲಿನಲ್ಲಿತ್ತು. ತೋರಿಸಬಾರದಿತ್ತು, ತೋರಿಸಿದೆ. ಅತ್ತೆ ಕನ್ನಡಕ ಹುಡುಕಲೇ ಇಲ್ಲ. ಮಾವನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಆಮೇಲೆ ಇನ್ನೊಂದು ಸಲ ಓದಿದರು.

“ಇದೇ ಇರ್ಲಿ” ಅಂದರು.

ಮತ್ತೆ ಅಂಗಡಿಗೆ ಹೋದೆ. ಹುಡುಗ ಏನೂ ಕೇಳಲಿಲ್ಲ. ಹಳೇ ಫೈಲು ಅಳಿಸಿಯೇ ಇರಲಿಲ್ಲ, ಕಳ್ಳ.

“ಎಷ್ಟು ಕಾಪಿ ಸಾರ್?”

“ಇನ್ನೂರು ಹಾಕು, ತಮ್ಮಾ.”