ನನ್ನ ರಜೆ, ಚಿಕ್ಕಪ್ಪನ ವಿಡಿಯೋ ಮತ್ತು ಅಮೆರಿಕದ 'ಬಾಕಿ'

ಭಾನುವಾರ ಬೆಳ್ಳಂಬೆಳಿಗ್ಗೆ ತಲೆ ಕೆಡಿಸಿದ್ದು ಚಿಕ್ಕಪ್ಪ. ಫ್ಯಾಮಿಲಿ ಗ್ರೂಪಿಗೆ ಒಂದು ಟಿವಿ ಚರ್ಚೆಯ ತುಣುಕು ಹಾಕಿದ್ದರು. ನಿರೂಪಕರು ಎಂದಿನಂತೆ ಕಿರುಚುತ್ತಿದ್ದರು. ನ್ಯಾಟೋ, ಅಂದರೆ ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟ, ಅದರ ದೇಶಗಳು ಅಮೆರಿಕಕ್ಕೆ ಲಕ್ಷಾಂತರ ಕೋಟಿ ಬಾಕಿ ಉಳಿಸಿಕೊಂಡಿವೆಯಂತೆ, ಇಷ್ಟು ವರ್ಷ ಪುಕ್ಕಟೆ ತಿಂದಿವೆಯಂತೆ, ಈಗ ವಸೂಲಿ ಶುರುವಂತೆ. ಕೆಳಗೆ ಚಿಕ್ಕಪ್ಪನ ಒಗ್ಗರಣೆ: "ನಿಮ್ಮ ಡೆನ್ಮಾರ್ಕೂ ಇದೆ ನೋಡಮ್ಮ ಲಿಸ್ಟಲ್ಲಿ." ಪಕ್ಕದಲ್ಲಿ ಮೂರು ನಗುವ ಮುಖ.

ನಿಮಗೆಲ್ಲ ಗೊತ್ತು, ನಾನು ರಾಜಕೀಯ ಬರೆಯುವವಳಲ್ಲ. 11 ವರ್ಷದಿಂದ ಕೋಪನ್‌ಹೇಗನ್ನಿನ ಮಳೆ, ಸೈಕಲ್ಲು, ಸಾರಿನ ಪುಡಿ ಖಾಲಿಯಾದ ದುಃಖ, ಇಷ್ಟೇ ನನ್ನ ವಾಲ್. ಆದರೆ ಪುಕ್ಕಟೆ ಅಂದರಲ್ಲ, ಮೈ ಉರಿಯಿತು. ನನ್ನ ಒಂದು ರಜೆ ಹೋಗಿದೆ ಸ್ವಾಮಿ!

ಇಲ್ಲಿ ದೊಡ್ಡ ಪ್ರಾರ್ಥನೆಯ ದಿನ ಅಂತ ಒಂದು ರಜೆ ಇತ್ತು. 1686ರಿಂದ ನಡೆದುಬಂದದ್ದು. ಈಸ್ಟರ್ ಆದ ಮೇಲೆ ನಾಲ್ಕನೇ ಶುಕ್ರವಾರ. ಹಿಂದಿನ ಸಂಜೆ ಏಲಕ್ಕಿ ಹಾಕಿದ ಗೋಧಿ ಬನ್ನು ತಂದು, ಬಿಸಿ ಮಾಡಿ, ಬೆಣ್ಣೆ ಹಚ್ಚಿ ತಿನ್ನುವುದು ಪದ್ಧತಿ. ಏಲಕ್ಕಿ ವಾಸನೆ ಬಂದರೆ ನನಗೆ ಯಾವ ದೇವರಾದರೂ ಆಗುತ್ತದೆ. 2023ರಲ್ಲಿ ಸರ್ಕಾರ ಆ ರಜೆಯನ್ನೇ ಎತ್ತಿ ಹಾಕಿತು. ರಕ್ಷಣೆಗೆ ದುಡ್ಡು ಬೇಕು, ಜನ ಒಂದು ದಿನ ಜಾಸ್ತಿ ದುಡಿಯಲಿ ಅನ್ನುವುದು ಕಾರಣ. ಸಾವಿರಾರು ಜನ ಸಂಸತ್ತಿನ ಮುಂದೆ ಸೇರಿ ಕೂಗಿದರು. ನಾನೂ ಹೋಗಿದ್ದೆ, ಚಳಿ ತಡೆಯದೆ ಅರ್ಧಕ್ಕೇ ವಾಪಸ್ ಬಂದೆ. 2024ರಿಂದ ಆ ಶುಕ್ರವಾರ ಮಾಮೂಲಿ ಆಫೀಸು.

ಸರಿ, ಈ ಬಾಕಿ ಹುಟ್ಟಿದ್ದು ಎಲ್ಲಿ ಅಂದರೆ ವೇಲ್ಸ್‌ನಲ್ಲಿ. 2014ರಲ್ಲಿ ಅಲ್ಲಿ ಸೇರಿದ ನ್ಯಾಟೋ ದೇಶಗಳ ನಾಯಕರು, ಹತ್ತು ವರ್ಷದೊಳಗೆ ತಂತಮ್ಮ ಜಿಡಿಪಿಯ ಶೇ. 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡೋಣ ಅಂತ ಒಪ್ಪಿಕೊಂಡರು. ಖರ್ಚು ಅವರವರ ಸೈನ್ಯದ ಮೇಲೆ. ಅಮೆರಿಕದ ಖಾತೆಗೆ ಹಾಕುವುದಲ್ಲ. ನ್ಯಾಟೋ ನಡೆಸೋಕೆ ಅಂತ ಬೇರೆ ಬಜೆಟ್ ಇದೆ. ಅದರಲ್ಲಿ ಅಮೆರಿಕ, ಜರ್ಮನಿ ಎರಡೂ ಹೆಚ್ಚುಕಡಿಮೆ ಸಮಪಾಲು, ತಲಾ ಶೇ. 15ರ ಆಸುಪಾಸು. ಪಕ್ಕದ ಮನೆಯವನು ತನ್ನ ಕಾಂಪೌಂಡನ್ನು ಗಿಡ್ಡ ಕಟ್ಟಿಕೊಂಡರೆ ಬೈಯಬಹುದು. ಸಿಮೆಂಟಿನ ದುಡ್ಡು ನನಗೆ ಬಾಕಿ ಅಂತ ಅವನ ಬಾಗಿಲು ಬಡಿಯೋಕಾಗುತ್ತಾ?

ಸಂಜೆ ಫೋನಿನಲ್ಲಿ ಅಮ್ಮನಿಗೆ ಇದನ್ನೇ ಕೊರೆದೆ. ಅಮ್ಮನ ಕಿವಿ ಈಗ ಸ್ವಲ್ಪ ಮಂದ. "ನಾಟಿನಾ? ಈಗ್ಯಾವ ನಾಟಿ ಕಣೇ, ಇನ್ನೂ ಮಳೆನೇ ಬಂದಿಲ್ಲ" ಅಂದಳು. ಫೋನ್ ಇಟ್ಟ ಮೇಲೂ ನಗು ಬರುತ್ತಿತ್ತು. ಆದರೆ ನೋಡಿ, ಟಿವಿಯವರಿಗಿಂತ ಅಮ್ಮನೇ ವಿಷಯದ ಹತ್ತಿರ ಹೋಗಿದ್ದಳು. ನಮ್ಮೂರಲ್ಲಿ ನಾಟಿ ನಡೆಯುತ್ತಿದ್ದದ್ದು ಮುಯ್ಯಾಳಿನ ಮೇಲೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ನ್ಯಾಟೋ ಹುಟ್ಟಿದ 1949ರ ವಾಷಿಂಗ್ಟನ್ ಒಪ್ಪಂದದ 5ನೇ ವಿಧಿಯೂ ಅದೇ ತಾನೇ? ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದ ಹಾಗೆ. ಏನು ಸಹಾಯ, ಎಷ್ಟು ಅನ್ನುವುದು ಆಯಾ ದೇಶಕ್ಕೆ ಬಿಟ್ಟದ್ದು. ಒಬ್ಬರು ನಾಲ್ಕಾಳು ಕಳಿಸುತ್ತಾರೆ, ಇನ್ನೊಬ್ಬರು ಒಂದು ಜೊತೆ ಎತ್ತು.

ಇಷ್ಟು ವರ್ಷದಲ್ಲಿ ಆ ಮುಯ್ಯಿಗೆ ಕರೆ ಹೋದದ್ದು ಒಂದೇ ಸಲ. ಅದೂ ಅಮೆರಿಕಕ್ಕಾಗಿ! 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನವೇ. ಆ ಅಕ್ಟೋಬರ್‌ನಿಂದ ಮುಂದಿನ ಮೇ ತನಕ ನ್ಯಾಟೋದ 7 ಅವಾಕ್ಸ್ ಕಣ್ಗಾವಲು ವಿಮಾನಗಳು ಹೋಗಿ ಅಮೆರಿಕದ ಆಕಾಶ ಕಾದವು. ಸಿಬ್ಬಂದಿ 13 ದೇಶದವರು. ಇದನ್ನು ಮಾತ್ರ ಯಾವ ನಿರೂಪಕರೂ ಕಿರುಚಿ ಹೇಳುವುದಿಲ್ಲ. ಆಮೇಲೆ ಅಫ್ಘಾನಿಸ್ತಾನ. ಡೆನ್ಮಾರ್ಕಿನ ಹುಡುಗರು ಅಲ್ಲಿನ ಹೆಲ್ಮಂಡ್ ಪ್ರಾಂತ್ಯಕ್ಕೆ ಹೋದರು. ಆ ಯುದ್ಧದಲ್ಲಿ ಅವರಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅಷ್ಟೇನಾ ಅನ್ನಬೇಡಿ. ಆಗ ಇಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ. ಕರ್ನಾಟಕದ ಲೆಕ್ಕಕ್ಕೆ ಹಾಕಿದರೆ ಸುಮಾರು 500 ಮನೆಗಳಲ್ಲಿ ಸಾವು.

ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಇಲ್ಲಿನ ಕಾಸ್ಟೆಲೆಟ್ ಕೋಟೆಯಲ್ಲಿ ಹಾಗೆ ಸತ್ತವರ ಸ್ಮಾರಕ ಇದೆ. ಗೋಡೆಯ ಮೇಲೆ ಹೆಸರುಗಳಿವೆ. ವಾರಕ್ಕೆ ಮೂರು ದಿನ ನಾನು ವಾಕಿಂಗ್ ಹೋಗುವುದೇ ಅಲ್ಲಿ. ನಾಲ್ಕು ವರ್ಷ ಅದನ್ನು ಏನೋ ಮಾಡರ್ನ್ ಆರ್ಟ್ ಅಂದುಕೊಂಡಿದ್ದೆ. ಅದರ ಮುಂದೆ ನಿಂತು ಹಲ್ಲು ಕಿರಿದು ಅಕ್ಕನಿಗೆ ಸೆಲ್ಫಿ ಬೇರೆ ಕಳಿಸಿದ್ದೆ. ಸೆಪ್ಟೆಂಬರ್ 5 ಇಲ್ಲಿ ಹೊರದೇಶದಲ್ಲಿ ಸೇವೆ ಮಾಡಿದವರಿಗಾಗಿ ಧ್ವಜ ಹಾರಿಸುವ ದಿನ. ಒಂದು ವರ್ಷ ಆ ದಿನ ವಯಸ್ಸಾದ ಗಂಡ ಹೆಂಡತಿ ಅಲ್ಲಿ ಹೂವಿಟ್ಟು ನಿಂತಿದ್ದರು. ಆಮೇಲೆ ಗೊತ್ತಾಯಿತು. ಸೆಲ್ಫಿ ಅವತ್ತೇ ಅಳಿಸಿದೆ.

ನ್ಯೂಜೆರ್ಸಿಯ ಭಾವ ಕಾಮೆಂಟಿಗೆ ಬರುವ ಮೊದಲೇ ಹೇಳುತ್ತೇನೆ. ಹೌದು ಭಾವ, ಯುರೋಪಿನವರು ಮೈಗಳ್ಳತನ ಮಾಡಿದ್ದಾರೆ. 2014ರಲ್ಲಿ ಶೇ. 2 ಮುಟ್ಟಿದ್ದು ಅಮೆರಿಕ, ಬ್ರಿಟನ್, ಗ್ರೀಸ್ ಮೂರೇ. ಗ್ರೀಸ್ ಕೂಡ ಜಾಸ್ತಿ ಹೆದರಿದ್ದು ನ್ಯಾಟೋದಲ್ಲೇ ಇರುವ ಟರ್ಕಿಗೆ, ಅದು ಬೇರೆ ಕಥೆ. ಡೆನ್ಮಾರ್ಕ್ ಶೇ. 1.5 ಕೂಡ ದಾಟಿರಲಿಲ್ಲ. ಒಪ್ಪಿದೆ. ಆದರೆ ಈಗ ಎದ್ದಿದ್ದಾರಲ್ಲ? 2024ರಲ್ಲಿ ಡೆನ್ಮಾರ್ಕ್ ತನ್ನ ಫಿರಂಗಿಗಳನ್ನೆಲ್ಲ ಉಕ್ರೇನಿಗೆ ಕೊಡುತ್ತೇನೆ ಅಂದಿತು. 2025ರಲ್ಲಿ ಹೇಗ್‌ನ ನ್ಯಾಟೋ ಸಭೆಯಲ್ಲಿ ಗುರಿ ಶೇ. 5ಕ್ಕೆ ಏರಿತು, 2035ರೊಳಗೆ. ಅದರಲ್ಲಿ 3.5 ಸೈನ್ಯಕ್ಕೆ, 1.5 ಸೇತುವೆ, ಸೈಬರ್ ಇತ್ಯಾದಿಗೆ. ಇನ್ನೆಷ್ಟು ರಜೆ ಹೋಗುತ್ತೋ! ಮೈಗಳ್ಳ ಅಂತ ಬೈಯಿರಿ, ಬೇಡ ಅನ್ನಲ್ಲ. ಸಾಲಗಾರ ಅಂತ ಯಾಕೆ?

ಮರುದಿನ ಅಮ್ಮನಿಗೆ ಹೆಲ್ಮಂಡ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮುಯ್ಯಿಗೆ ಬಂದೋರಿಗೆ ಊಟನಾದ್ರೂ ಸರಿಯಾಗಿ ಹಾಕಿದ್ರಾ?"

"ಊಟ ಬಿಡಮ್ಮ, ಅವರ ಗದ್ದೆನೇ ಕೇಳಿದ್ರು" ಅಂದೆ.

ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ದ್ವೀಪದ ವಿಷಯ. 1951ರ ಒಪ್ಪಂದದ ಪ್ರಕಾರ ಅಮೆರಿಕದ ಸೈನ್ಯಕ್ಕೆ ಅಲ್ಲಿ ಜಾಗ ಇದ್ದೇ ಇದೆ. ಪಿಟುಫಿಕ್‌ನಲ್ಲಿ ಅವರ ನೆಲೆಯೂ ಇದೆ. ಟ್ರಂಪ್‌ಗೆ ಅಷ್ಟು ಸಾಲಲಿಲ್ಲ, ಪಹಣಿಯೇ ಬೇಕಾಯಿತು. ಸೈನ್ಯ ಬಳಸುವುದಿಲ್ಲ ಅಂತ ಮಾತು ಕೊಡಿ ಅಂದರೆ, 2025ರ ಜನವರಿಯಲ್ಲಿ ಅದಕ್ಕೂ ಒಪ್ಪಲಿಲ್ಲ.

ಚಿಕ್ಕಪ್ಪ, ಇದನ್ನು ಓದಿದರೆ ಆ ವಿಡಿಯೋ ತೆಗೆದುಬಿಡಿ. ನಗುವ ಮುಖ ಇರಲಿ, ಪರವಾಗಿಲ್ಲ.

ಅಂದ ಹಾಗೆ, ಬೇಕರಿಯವರು ಆ ಬನ್ನು ಮಾಡುವುದನ್ನು ನಿಲ್ಲಿಸಿಲ್ಲ. ಈ ವರ್ಷವೂ ಗುರುವಾರ ಸಂಜೆ ಆರು ತಂದೆ. ನಾಲ್ಕು ಅವತ್ತೇ ಮುಗಿದವು. ಉಳಿದ ಎರಡನ್ನು ಶುಕ್ರವಾರ ಡಬ್ಬಿಗೆ ಹಾಕಿಕೊಂಡು ಆಫೀಸಿಗೆ ಹೋದೆ.