ಮೊದಲು ಫೋನಿಗೆ ಬಡಿಸಿ

ದೇಶ ಸುತ್ತೋಕೆ ಹೋದವರು ಇಷ್ಟದ ಹೋಟೆಲಿನ ಮುಂದೆ ಗಂಟೆಗಟ್ಟಲೆ ಕ್ಯೂ ನಿಂತು, ಟೋಕನ್ ಹಿಡಿದು, ಹಸಿವಿನಿಂದ ಕಂಗಾಲಾಗಿ ಕೊನೆಗೂ ಒಳಗೆ ಕೂರುತ್ತಾರೆ. ಬಿಸಿ ಬಿಸಿ ಡಂಪ್ಲಿಂಗ್ ಬರುತ್ತದೆ. ತಿನ್ನುತ್ತಾರಾ? ಇಲ್ಲ. "ಯಾರೂ ಮುಟ್ಬೇಡಿ!" ಅಂತ ಒಬ್ಬರು ಕೂಗುತ್ತಾರೆ. ಫೋನಿಗೆ ನೈವೇದ್ಯ ಆಗುವವರೆಗೂ ಮನುಷ್ಯರು ಕೈ ಕಟ್ಟಿ ಕೂರಬೇಕು.

ಶಾಂಘೈನ ಶಿಯಾವ್‌ಲಾಂಗ್‌ಬಾವ್ ಅನ್ನೋ ಸೂಪ್ ತುಂಬಿದ ಡಂಪ್ಲಿಂಗ್ ಪಾಡಂತೂ ಕೇಳಬೇಡಿ. ಹಂದಿಯ ಚರ್ಮ ಬೇಯಿಸಿದ ಸಾರು ತಣ್ಣಗಾಗಿ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ಮಾಂಸದ ಜೊತೆ ಕಲಸಿ, ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗಿಟ್ಟು, ನೆರಿಗೆ ಹಿಡಿದು ಮುಚ್ಚುತ್ತಾರೆ. ಹಬೆಗೆ ಜೆಲ್ಲಿ ಕರಗಿ ಒಳಗೆ ಸೂಪ್ ತಯಾರು. ಚಮಚದಲ್ಲಿಟ್ಟುಕೊಂಡು, ಮೆಲ್ಲಗೆ ಕಚ್ಚಿ, ಮೊದಲು ಸೂಪ್ ಹೀರಬೇಕು. ನಮ್ಮವರು ಅದನ್ನು ಚಾಪ್‌ಸ್ಟಿಕ್‌ನಲ್ಲಿ ಮೇಲಕ್ಕೆತ್ತಿ, ಹೊಟ್ಟೆಗೆ ಚುಚ್ಚಿ, ಸೂಪನ್ನೆಲ್ಲ ತಟ್ಟೆಗೆ ಸುರಿದು ವಿಡಿಯೋ ಮಾಡುತ್ತಾರೆ. ಬೆಳಕು ಸರಿ ಬರಲಿಲ್ವಾ? ಇನ್ನೊಂದಕ್ಕೆ ಚುಚ್ಚು.

ನೂಡಲ್ಸ್‌ಗೂ ಬಿಡುಗಡೆ ಇಲ್ಲ. ಚೀನಾದ ಲಾಂಝೌ ನಗರದ ಶೈಲಿಯ ಅಡುಗೆಯವನು ಹಿಟ್ಟನ್ನು ಎಳೆದು ಮಡಚಿ, ಮತ್ತೆ ಎಳೆದು ಮಡಚಿ, ಎಂಟೇ ಮಡಿಕೆಯಲ್ಲಿ 256 ಎಳೆ ಮಾಡಿಬಿಡುತ್ತಾನೆ. ಕೈಚಳಕ ಅಂದ್ರೆ ಅದು. ಇತ್ತ ಗಿರಾಕಿ ಒಂದು ಹಿಡಿ ನೂಡಲ್ಸನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕೈ ನಡುಗುತ್ತಿದ್ದರೂ ಹಲ್ಲು ಕಿರಿದುಕೊಂಡು ಕೂತಿರುತ್ತಾನೆ. ಬಟ್ಟಲಲ್ಲಿ ಉಳಿದದ್ದು ಸಾರನ್ನೆಲ್ಲ ಕುಡಿದು ಊದಿಕೊಳ್ಳುತ್ತದೆ.

ಆಮೇಲೆ ವಿಮರ್ಶೆ: "ನೂಡಲ್ಸ್ ಮುದ್ದೆಯಾಗಿತ್ತು. ಡಂಪ್ಲಿಂಗ್ ಒಳಗೆ ಸೂಪೇ ಇರಲಿಲ್ಲ. ಎರಡು ಸ್ಟಾರ್."

ಹೋಟೆಲಿಗೆ ಸ್ಟಾರ್ ಕೊಡೋ ಕೆಲಸವನ್ನು 1926ರಲ್ಲೇ ಮಾಡಿದ್ದು ಮಿಶೆಲಿನ್, ಅಂದ್ರೆ ಟೈರ್ ಕಂಪನಿ! ಆದ್ರೂ ಅವರ ಪರೀಕ್ಷಕರು ಯಾರೆಂದು ಹೇಳಿಕೊಳ್ಳದೆ ಬಂದು, ಬಿಲ್ ಕಟ್ಟಿ, ತಿಂದು ನೋಡಿ ತೀರ್ಪು ಕೊಡುತ್ತಾರೆ. ತಿಂದು ನೋಡಿ! ಎಂಥ ಹಳೇ ಕಾಲದ ಜನ, ಅಲ್ವಾ?

ನನ್ನದೊಂದು ಸಲಹೆ. ಜಪಾನಿನ ಎಷ್ಟೋ ಹೋಟೆಲುಗಳ ಗಾಜಿನ ಕಪಾಟಿನಲ್ಲಿ ಪ್ಲಾಸ್ಟಿಕ್ ತಿಂಡಿಗಳ ಮಾದರಿ ಇಟ್ಟಿರುತ್ತಾರೆ. ನೂಡಲ್ಸ್ ಅಂತೂ ಗಾಳಿಯಲ್ಲಿ ನಿಂತ ಚಾಪ್‌ಸ್ಟಿಕ್‌ಗೆ ತಾನೇ ನೇತಾಡುತ್ತಿರುತ್ತದೆ, ಕೈ ನೋವಿನ ಕಾಟವೇ ಇಲ್ಲ. ಫೋನ್ ಹಿಡಿದು ಬಂದವರಿಗೆ ಅದನ್ನೇ ಬಡಿಸಲಿ. ಆರುವುದಿಲ್ಲ, ಊದುವುದಿಲ್ಲ, ಎಷ್ಟು ಸಲ ಬೇಕಾದರೂ ವಿಡಿಯೋ ಮಾಡಬಹುದು. ಹಸಿದವರಿಗೆ ಟೇಬಲ್ಲೂ ಬೇಗ ಸಿಗುತ್ತದೆ. ಬಿಲ್ ಮಾತ್ರ ಅಸಲಿಯದ್ದೇ ಕೊಡಲಿ.